ಅಳೆದರು, ತೂಗಿದರು, ಎಣಿಸಿದರು

ದಾವಣಗೆರೆಯಲ್ಲಿ ಒಂದು ಭಾನುವಾರದ ಸಂಜೆ ಊರಿನ ಓದುಗ ಗೆಳೆಯರು ಸೇರಿಸಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪವಿದು. ನಡುವೆ ಹತ್ತು ನಿಮಿಷ ಮೈಕು ಕೈಕೊಟ್ಟಿತು. ಆಗ ಹಿಂದಿನ ಸಾಲುಗಳಿಗೆ ಕೇಳಿಸದೆ ಹೋದದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಹಿರಿಯರೇ, ಗೆಳೆಯರೇ, ಮುಂದೆ ಜಮಖಾನದ ಮೇಲೆ ಕುಳಿತಿರುವ ಮಕ್ಕಳೇ,

ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಒಂದು ತಪ್ಪು ಮಾಡಿದೆ. ಕಪ್ಪು ಹಲಗೆಯ ಮೇಲೆ ಪರಮಾಣುವಿನ ಚಿತ್ರ ಬರೆಯುತ್ತಿದ್ದೆ. ಜಗಳೂರು ಕಡೆಯ ಒಬ್ಬ ಹುಡುಗಿ ಎದ್ದು ನಿಂತು, "ಸರ್, ನೀವು ಪರಮಾಣುವನ್ನು ನೋಡಿದ್ದೀರಾ?" ಎಂದು ಕೇಳಿದಳು. "ಇಲ್ಲ" ಎಂದೆ. "ಯಾರೂ ನೋಡದಿದ್ದರೆ ಅದು ಇದೆ ಎಂದು ಹೇಗೆ ಗೊತ್ತಾಯಿತು ಸರ್?" ಎಂದಳು. "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದುಬಿಟ್ಟೆ. ಉತ್ತರ ನನಗೂ ಗೊತ್ತಿರಲಿಲ್ಲ ಎಂಬುದು ನಿಜವಾದ ಕಾರಣ. ಬಹಳ ವರ್ಷಗಳ ನಂತರ ತಿಳಿಯಿತು: ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ವಿಯೆನ್ನಾದಲ್ಲಿ ಅರ್ನ್‌ಸ್ಟ್ ಮಾಖ್ ಎಂಬ ದೊಡ್ಡ ವಿಜ್ಞಾನಿ ಪರಮಾಣುವಾದಿಗಳ ಬಾಯಿ ಮುಚ್ಚಿಸಲು ಕೇಳುತ್ತಿದ್ದದ್ದೂ ಇದೇ ಪ್ರಶ್ನೆ, "ನೀವು ಒಂದನ್ನಾದರೂ ನೋಡಿದ್ದೀರಾ?" ಎಂದು. ಆ ಹುಡುಗಿಗೆ ಅಂದು ಕೊಡದ ಉತ್ತರವನ್ನು ಇಂದು ನಿಮ್ಮ ಮುಂದೆ ಕೊಡುತ್ತೇನೆ.

ಉತ್ತರ ಶುರುವಾಗುವುದು ಮಂಡಕ್ಕಿ ಅಂಗಡಿಯಿಂದ. ನಗಬೇಡಿ. ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು ಕೊಡುತ್ತಾರೆ, ಅಕ್ಕಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ. ಒಂದು ಸೇರು ಮಂಡಕ್ಕಿಯನ್ನು ಒಂದೇ ಕೈಯಲ್ಲಿ ಎತ್ತಿ ಆಡಿಸಬಹುದು. ಒಂದು ಸೇರು ಅಕ್ಕಿ ಕೈ ಜಗ್ಗುತ್ತದೆ. ಸೇರು ಹೇಳುವುದು ಎಷ್ಟು ಜಾಗ ಎಂಬುದನ್ನು, ತಕ್ಕಡಿ ಹೇಳುವುದು ಎಷ್ಟು ಭಾರ ಎಂಬುದನ್ನು. ಅದರೊಳಗೆ ಎಷ್ಟು ಕಾಳುಗಳಿವೆ ಎಂಬುದನ್ನು ಎರಡೂ ಹೇಳುವುದಿಲ್ಲ. ಪರಮಾಣುವಿನ ಇಡೀ ಚರಿತ್ರೆ ಈ ಮೂರನೆಯ ಪ್ರಶ್ನೆಯ ಸುತ್ತಲೇ ಇದೆ. 'ಅಳೆದು ತೂಗಿ ನೋಡು' ಎಂದು ಹಿರಿಯರು ಹೇಳುತ್ತಾರಲ್ಲ, ಅದಕ್ಕೆ 'ಎಣಿಸಿ ನೋಡು' ಎಂದೂ ಸೇರಿಸಿಕೊಂಡರೆ ನನ್ನ ಭಾಷಣ ಮುಗಿದ ಹಾಗೆಯೇ. ಆದರೂ ಒಂದು ಗಂಟೆ ಕೊಟ್ಟಿದ್ದೀರಿ, ಬಿಡುವುದಿಲ್ಲ.

ಎಲ್ಲವೂ ಒಡೆಯಲಾಗದ ಕಣಗಳಿಂದಾಗಿದೆ ಎಂದ ಗ್ರೀಸಿನ ಡೆಮೊಕ್ರಿಟಸ್ ಮತ್ತು ನಮ್ಮ ಕಣಾದ, ಇಬ್ಬರ ಹೆಸರನ್ನೂ ನೀವು ಕೇಳಿದ್ದೀರಿ. ಕಣಾದನ ದಾರಿ ಹಿಡಿದ ವೈಶೇಷಿಕರ ಒಂದು ವಾದ ನನಗೆ ಬಹಳ ಇಷ್ಟ. ವಸ್ತುವನ್ನು ಕೊನೆಯಿಲ್ಲದೆ ಒಡೆಯುತ್ತ ಹೋಗಬಹುದಾದರೆ ಮೇರು ಪರ್ವತದಲ್ಲೂ ಅನಂತ ಚೂರುಗಳು, ಸಾಸಿವೆ ಕಾಳಿನಲ್ಲೂ ಅನಂತ ಚೂರುಗಳು. ಆಗ ಮೇರುವಿಗೂ ಸಾಸಿವೆಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಆದ್ದರಿಂದ ಒಡೆಯುವುದು ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಎಂಥ ಚುರುಕು ತರ್ಕ ನೋಡಿ! ಕಿಟಕಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣವನ್ನು ಅವರು ತ್ರ್ಯಣುಕ ಎಂದರು. ಅದರಲ್ಲಿ ಆರು ಪರಮಾಣುಗಳು ಎಂಬುದು ಲೆಕ್ಕ. ಇಂದಿನ ಲೆಕ್ಕದಲ್ಲಿ ಆ ಧೂಳಿನ ಕಣದಲ್ಲಿ ಲಕ್ಷಾಂತರ ಕೋಟಿ ಪರಮಾಣುಗಳಿವೆ. ಇದನ್ನು ಹೇಳುವುದು ಅವರನ್ನು ಕಡಿಮೆ ಮಾಡಲು ಅಲ್ಲ. ತರ್ಕ ಬಾಗಿಲವರೆಗೆ ಕರೆದುಕೊಂಡು ಬಂದಿತು, ಒಳಗೆ ಹೋಗಲು ತಕ್ಕಡಿ ಬೇಕಾಯಿತು. 'ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು' ಎನ್ನುವವರು ಆ ತರ್ಕದ ಸೊಗಸನ್ನೂ ಅನುಭವಿಸುವುದಿಲ್ಲ, ನಂತರದವರ ದುಡಿಮೆಯನ್ನೂ ಗೌರವಿಸುವುದಿಲ್ಲ ಎಂಬುದು ನನ್ನ ತಕರಾರು.

ಗಿರಣಿಗಳ ಕಾಲದಲ್ಲಿ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಹತ್ತಿಯ ಲಾರಿಗಳು, ಗಿರಣಿಯ ಸೈರನ್ನು, ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರುವ ಕಾರ್ಮಿಕರು, ಇಲ್ಲಿರುವ ಹಿರಿಯರಿಗೆ ಇನ್ನೂ ನೆನಪಿರಬಹುದು. ಆದರೆ ಅಸಲಿ ಮ್ಯಾಂಚೆಸ್ಟರಿಗೆ ಹತ್ತಿಯಷ್ಟೇ ಅಲ್ಲ, ಪರಮಾಣುವಿನ ಊರು ಎಂಬ ಹೆಸರೂ ಸಲ್ಲಬೇಕು. ಕಥೆಯ ಎರಡು ದೊಡ್ಡ ತಿರುವುಗಳು ಆ ಹೊಗೆ ತುಂಬಿದ ಊರಿನಲ್ಲಿ, ನೂರು ವರ್ಷಗಳ ಅಂತರದಲ್ಲಿ ನಡೆದವು. ಎರಡನ್ನೂ ಕೇಳಿದ್ದು ಒಂದೇ ಸಂಘ: 1781ರಲ್ಲಿ ಹುಟ್ಟಿದ ಮ್ಯಾಂಚೆಸ್ಟರಿನ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘ. ಹೆಸರು ದೊಡ್ಡದು, ನಮ್ಮ ಈ ಸಭೆಯ ಹಾಗೆ ಊರಿನ ಆಸಕ್ತರು ಸೇರುತ್ತಿದ್ದ ಕೂಟ ಅದು.

ಮೊದಲ ತಿರುವು ಜಾನ್ ಡಾಲ್ಟನ್ ಅವರದು. 1766ರಲ್ಲಿ ಹುಟ್ಟಿದ ನೇಕಾರನ ಮಗ. ಹನ್ನೆರಡನೆಯ ವಯಸ್ಸಿಗೇ ಶಾಲೆಯಲ್ಲಿ ಪಾಠ ಹೇಳತೊಡಗಿದವರು, ಬದುಕಿನುದ್ದಕ್ಕೂ ಮನೆಪಾಠ ಹೇಳಿ ಹೊಟ್ಟೆ ಹೊರೆದವರು. 1787ರಲ್ಲಿ ಹವಾಮಾನದ ದಿನಚರಿ ಬರೆಯಲು ಕುಳಿತರು. 1844ರಲ್ಲಿ ತೀರಿಕೊಂಡ ಹಿಂದಿನ ದಿನದವರೆಗೂ, 57 ವರ್ಷ ಬಿಡದೆ ಬರೆದರು. ಮಳೆ, ಗಾಳಿಯ ಒತ್ತಡ, ತೇವ ಇವನ್ನೇ ನೋಡುತ್ತ ಅವರಿಗೆ ಒಂದು ಸಂಶಯ ಬಂದಿತು. ಆಮ್ಲಜನಕ ಸಾರಜನಕಕ್ಕಿಂತ ಭಾರ. ಹಾಗಿದ್ದರೆ ಎಣ್ಣೆ ನೀರಿನ ಹಾಗೆ ಗಾಳಿಯಲ್ಲಿ ಅವು ಪದರ ಪದರವಾಗಿ ಏಕೆ ನಿಲ್ಲುವುದಿಲ್ಲ? ಈ ಸಂಶಯದಿಂದ ಹೊರಟವರು ಕಣಗಳಿಗೆ ಬಂದರು, ಕಣಗಳ ತೂಕಕ್ಕೆ ಬಂದರು. ಅಂದಹಾಗೆ ಡಾಲ್ಟನ್ ಅವರಿಗೆ ಬಣ್ಣಗುರುಡಿತ್ತು. ಅದರ ಬಗ್ಗೆ ತಮ್ಮನ್ನೇ ಉದಾಹರಣೆಯಾಗಿಟ್ಟುಕೊಂಡು 1794ರಲ್ಲಿ ಪ್ರಬಂಧವನ್ನೂ ಓದಿದರು. ತಮ್ಮ ಕಣ್ಣನ್ನು ಪೂರ್ತಿ ನಂಬಲಾಗದು ಎಂದು ಗೊತ್ತಿದ್ದ ಮನುಷ್ಯ ತಕ್ಕಡಿಯನ್ನು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ತಕ್ಕಡಿ ಏನು ಹೇಳಿತು? ಮಿರ್ಚಿ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ನಿಂತಿದ್ದೀರಿ ಎಂದುಕೊಳ್ಳಿ. ಮಿರ್ಚಿಯ ಬೆಲೆ ನಿಮಗೆ ಗೊತ್ತಿಲ್ಲ. ಒಬ್ಬರು ಹದಿನಾರು ರೂಪಾಯಿ ಕೊಟ್ಟರು, ಇನ್ನೊಬ್ಬರು ಮೂವತ್ತೆರಡು, ಮತ್ತೊಬ್ಬರು ನಲವತ್ತೆಂಟು. ಇಪ್ಪತ್ತು, ಇಪ್ಪತ್ತೇಳು ಎಂದು ಯಾರೂ ಕೊಡಲಿಲ್ಲ. ಆಗ ಎರಡು ಸಂಗತಿ ಗೊತ್ತಾಗುತ್ತವೆ: ಇಲ್ಲಿ ಮಿರ್ಚಿ ಬಿಡಿಯಾಗಿಯೇ ಮಾರುವುದು, ಅರ್ಧ ಮಿರ್ಚಿ ಇಲ್ಲ, ಬೆಲೆ ಬಹುಶಃ ಹದಿನಾರು. ಡಾಲ್ಟನ್ ಕಂಡದ್ದು ಇಂಥದೇ ಬಿಲ್ಲುಗಳನ್ನು. ಇಂಗಾಲ ಮತ್ತು ಆಮ್ಲಜನಕ ಸೇರಿ ಎರಡು ಬೇರೆ ಬೇರೆ ಅನಿಲಗಳಾಗುತ್ತವೆ. ಒಂದರಲ್ಲಿ 3 ತೂಕ ಇಂಗಾಲಕ್ಕೆ 4 ತೂಕ ಆಮ್ಲಜನಕ, ಇನ್ನೊಂದರಲ್ಲಿ ಅದೇ 3 ತೂಕಕ್ಕೆ 8 ತೂಕ. ಐದೂ ಇಲ್ಲ, ಆರೂಕಾಲೂ ಇಲ್ಲ, ಸರಿಯಾಗಿ ಎರಡು ಪಟ್ಟು. ಅಂದರೆ ಆಮ್ಲಜನಕವೂ ಬಿಡಿಬಿಡಿಯಾಗಿಯೇ ಬರುವ ಸರಕು. 1803ರಲ್ಲಿ ಅವರು ಪರಮಾಣುಗಳ ತೂಕದ ಮೊದಲ ಪಟ್ಟಿ ಮಾಡಿ ಆ ಸಂಘದ ಮುಂದಿಟ್ಟರು. ಜಲಜನಕ ಒಂದು ಎಂದಿಟ್ಟುಕೊಂಡು ಉಳಿದವಕ್ಕೆಲ್ಲ ಅಂಕಿ ಕೊಟ್ಟರು. ಅಂಕಿಗಳು ಬಹಳಷ್ಟು ತಪ್ಪಾಗಿದ್ದವು. ಹಾದಿ ತಪ್ಪಾಗಿರಲಿಲ್ಲ.

ಏಕೆ ತಪ್ಪಿದವು ಎಂಬುದರಲ್ಲೇ ನಮ್ಮ ಸೇರು ಮತ್ತು ತಕ್ಕಡಿಯ ಜಗಳವಿದೆ. ನೀರಿನಲ್ಲಿ ಒಂದು ಜಲಜನಕಕ್ಕೆ ಒಂದು ಆಮ್ಲಜನಕ ಎಂದು ಡಾಲ್ಟನ್ ಎಣಿಸಿದ್ದರು. ಯಾಕೆ ಹಾಗೆ ಎಂದರೆ, ಎಲ್ಲಕ್ಕಿಂತ ಸರಳವಾದದ್ದೇ ನಿಜ ಎಂಬ ನಂಬಿಕೆ. ಅದೇ ಹೊತ್ತಿಗೆ, 1808ರಲ್ಲಿ, ಫ್ರಾನ್ಸಿನ ಗೇ-ಲುಸಾಕ್ ಅನಿಲಗಳನ್ನು ತೂಗದೆ ಅಳೆದು ನೋಡಿದರು. ಎರಡು ಸೇರು ಜಲಜನಕ, ಒಂದು ಸೇರು ಆಮ್ಲಜನಕ ಸೇರಿದರೆ ಎರಡು ಸೇರು ಹಬೆ. ಅಳತೆಯಲ್ಲೂ ಪೂರ್ಣಾಂಕಗಳೇ! ಡಾಲ್ಟನ್ ಸಂತೋಷಪಡಬೇಕಿತ್ತು. ಆದರೆ ಅವರು ಮುಖ ಸಿಂಡರಿಸಿದರು. ಸಮ ಅಳತೆಯಲ್ಲಿ ಸಮ ಸಂಖ್ಯೆಯ ಕಣಗಳಿದ್ದರೆ, ಒಂದು ಸೇರು ಆಮ್ಲಜನಕ ಎರಡು ಸೇರು ಹಬೆಯಲ್ಲಿ ಹಂಚಿಹೋಗಲು ಪ್ರತಿ ಆಮ್ಲಜನಕ ಕಣವೂ ಎರಡಾಗಿ ಒಡೆಯಬೇಕು. ಒಡೆಯಲಾಗದ್ದೇ ಪರಮಾಣು ಎಂದವರಿಗೆ ಇದು ಹೇಗೆ ಒಪ್ಪಿಗೆಯಾದೀತು? ಗೇ-ಲುಸಾಕರ ಅಳತೆಯೇ ಸರಿಯಿಲ್ಲ ಎಂದರು. ತೂಕದವನಿಗೆ ಅಳತೆಯವನ ಮೇಲೆ ನಂಬಿಕೆ ಬರಲಿಲ್ಲ.

ರಾಜಿ ಮಾಡಿಸಿದವರು ಇಟಲಿಯ ಅವೊಗಾಡ್ರೊ. 1811ರಲ್ಲಿ ಅವರು ಹೇಳಿದ್ದು ಇಷ್ಟೇ: ಆಮ್ಲಜನಕ ಅನಿಲದ ಕಣ ಎಂದರೆ ಒಂಟಿ ಪರಮಾಣುವಲ್ಲ, ಜೋಡಿ. ಒಡೆದದ್ದು ಪರಮಾಣುವಲ್ಲ, ಜೋಡಿ ಬೇರೆಯಾಯಿತು. ಆ ಜೋಡಿಯೇ ಅಣು. ನಮ್ಮ ಕನ್ನಡದಲ್ಲಿ ಅಣು, ಪರಮಾಣು ಎಂದು ಎರಡು ಪದಗಳು ಇರುವುದು ಒಂದು ಭಾಗ್ಯ. ಪತ್ರಿಕೆಗಳು 'ಅಣುಬಾಂಬ್' ಎಂದು ಬರೆದು ಆ ಭಾಗ್ಯವನ್ನು ಹಾಳು ಮಾಡುತ್ತಿವೆ. ಇರಲಿ. ಅವೊಗಾಡ್ರೊ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1856ರಲ್ಲಿ ಅವರು ತೀರಿಕೊಂಡರು. 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ಯುರೋಪಿನ ರಸಾಯನ ವಿಜ್ಞಾನಿಗಳ ದೊಡ್ಡ ಸಮ್ಮೇಳನ ನಡೆಯಿತು. ಭಾಷಣಗಳಾದವು, ಚರ್ಚೆಯಾಯಿತು, ಸಮ್ಮೇಳನಗಳಲ್ಲಿ ಆಗುವಂತೆ ತೀರ್ಮಾನ ಮಾತ್ರ ಆಗಲಿಲ್ಲ. ಎಲ್ಲರೂ ಗಂಟುಮೂಟೆ ಕಟ್ಟುವಾಗ ಕನ್ನಿಜಾರೊ ಎಂಬ ಇಟಲಿಯವರು ಬರೆದಿದ್ದ ಚಿಕ್ಕ ಪುಸ್ತಿಕೆಯೊಂದನ್ನು ಹಂಚಿದರು. ಅವೊಗಾಡ್ರೊ ಮಾತನ್ನು ಹಿಡಿದರೆ ತೂಕವೂ ಅಳತೆಯೂ ಹೇಗೆ ತಾಳೆಯಾಗುತ್ತವೆ ಎಂದು ಅದರಲ್ಲಿ ತೋರಿಸಿದ್ದರು. ಓದಿದ ಲೋಥರ್ ಮೆಯರ್ ಅವರಿಗೆ ಕಣ್ಣಿನ ಪೊರೆ ಕಳಚಿದಂತಾಯಿತಂತೆ. ಆ ಸಭೆಯಲ್ಲಿದ್ದ ಇನ್ನೊಬ್ಬ ತರುಣ ಮೆಂಡಲೀವ್. ಸರಿಯಾದ ಪರಮಾಣು ತೂಕಗಳು ಕೈಗೆ ಬಂದ ಒಂಬತ್ತು ವರ್ಷಗಳಲ್ಲಿ, 1869ರಲ್ಲಿ, ಅವರು ಧಾತುಗಳನ್ನೆಲ್ಲ ಜೋಡಿಸಿ ಆವರ್ತ ಕೋಷ್ಟಕ ಕಟ್ಟಿದರು. ಇನ್ನೂ ಸಿಗದ ಧಾತುಗಳಿಗಾಗಿ ಖಾಲಿ ಬಿಟ್ಟ ಮನೆಗಳಿಗೆ ಸಂಸ್ಕೃತದ 'ಏಕ' ಸೇರಿಸಿ ಹೆಸರಿಟ್ಟರು. ಏಕ-ಅಲ್ಯುಮಿನಿಯಂ ಎಂದದ್ದು 1875ರಲ್ಲಿ ಗ್ಯಾಲಿಯಂ ಆಗಿ ಸಿಕ್ಕಿತು.

ಇಷ್ಟಾದರೂ, 'ಪರಮಾಣು ಎಂಬುದು ಲೆಕ್ಕ ಹಾಕಲು ಅನುಕೂಲವಾದ ಕಟ್ಟುಕಥೆ, ನಿಜವಾದ ವಸ್ತುವಲ್ಲ' ಎನ್ನುವವರು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಇದ್ದರು. ಅವರೇನು ದಡ್ಡರಲ್ಲ. ಮಾಖ್ ಇದ್ದರು, ಮುಂದೆ ನೊಬೆಲ್ ಪಡೆದ ಓಸ್ಟ್‌ವಾಲ್ಡ್ ಇದ್ದರು. ಅವರ ಎದುರು ಜೀವಮಾನವಿಡೀ ವಾದಿಸಿದ ಬೋಲ್ಟ್ಸ್‌ಮನ್, ಮನೋವ್ಯಾಧಿಯಿಂದ ಬಳಲಿ 1906ರಲ್ಲಿ ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಇನ್ನೆರಡು ವರ್ಷ ಕಾದಿದ್ದರೆ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಏಕೆಂದರೆ 1908ರಲ್ಲಿ ಪ್ಯಾರಿಸ್ಸಿನ ಜಾನ್ ಪೆರಾಂ ಕೂತು ಎಣಿಸಿಬಿಟ್ಟರು.

ಪೆರಾಂ ಮಾಡಿದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. (ಮೈಕು ಕೈಕೊಟ್ಟದ್ದು ಇಲ್ಲಿಯೇ.) ನಮ್ಮ ಮಲೆನಾಡಿನ ಮುರುಗಲು, ಉಪ್ಪಾಗೆ ಮರಗಳ ಬಳಗಕ್ಕೆ ಸೇರಿದ ಒಂದು ಮರದಿಂದ ಹಳದಿ ಅಂಟು ಬರುತ್ತದೆ, ಚಿತ್ರಕಾರರು ಬಣ್ಣಕ್ಕೆ ಬಳಸುತ್ತಾರೆ. ಅದನ್ನು ನೀರಿನಲ್ಲಿ ತಿಕ್ಕಿದರೆ ಸಣ್ಣ ಸಣ್ಣ ಗುಂಡುಗಳಾಗುತ್ತವೆ. ಪೆರಾಂ ಒಂದು ಕಿಲೋ ಅಂಟನ್ನು ತಿಂಗಳುಗಟ್ಟಲೆ ಯಂತ್ರದಲ್ಲಿ ತಿರುಗಿಸಿ ತಿರುಗಿಸಿ, ಒಂದೇ ಗಾತ್ರದ ಗುಂಡುಗಳನ್ನು ಗ್ರಾಮಿನ ಕೆಲವು ಭಾಗದಷ್ಟು ಮಾತ್ರ ಬೇರ್ಪಡಿಸಿದರು. ಅವನ್ನು ನೀರಿನ ತೆಳು ಪದರದಲ್ಲಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ಗುಂಡುಗಳು ತಳದಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಮಿಲಿಮೀಟರಿನ ನೂರರಲ್ಲಿ ಮೂರು ಭಾಗ ಮೇಲೇರಿದಂತೆಲ್ಲ ಎಣಿಕೆ 100, 47, 23, 12 ಎಂದು ಹೆಚ್ಚುಕಡಿಮೆ ಅರ್ಧವಾಗುತ್ತ ಹೋಯಿತು.

ಇದರಲ್ಲೇನು ವಿಶೇಷ? ಬೆಟ್ಟ ಹತ್ತಿದಂತೆ ಗಾಳಿಯೂ ಹೀಗೆಯೇ ತೆಳುವಾಗುತ್ತದೆ. ಆದರೆ ಅರ್ಧವಾಗಲು ಐದಾರು ಕಿಲೋಮೀಟರ್ ಏರಬೇಕು. ಕಣ ಭಾರವಾದಷ್ಟೂ ಬೇಗ ಅರ್ಧವಾಗುತ್ತದೆ. ಅಂಟಿನ ಗುಂಡಿನ ಭಾರವನ್ನು ಅದರ ಗಾತ್ರದಿಂದ ಲೆಕ್ಕ ಹಾಕಬಹುದು. ಒಂದು ಕಡೆ ಕೂದಲೆಳೆಗಿಂತ ಕಡಿಮೆ ಎತ್ತರ, ಇನ್ನೊಂದು ಕಡೆ ಐದಾರು ಕಿಲೋಮೀಟರ್; ಎರಡರ ಹೋಲಿಕೆಯಿಂದ ಗಾಳಿಯ ಒಂದೇ ಒಂದು ಅಣುವಿನ ತೂಕ ಸಿಕ್ಕಿಬಿಟ್ಟಿತು! ಕಾಣುವ ಕಾಳನ್ನು ಬಟ್ಟಾಗಿ ಇಟ್ಟುಕೊಂಡು ಕಾಣದ ಕಾಳನ್ನು ತೂಗಿದ ಹಾಗೆ. ಒಂದರ ತೂಕ ಸಿಕ್ಕರೆ ಮೂಟೆಯಲ್ಲಿ ಎಷ್ಟಿವೆ ಎಂಬುದೂ ಸಿಕ್ಕಿತು. 18 ಗ್ರಾಮ್ ನೀರಿನಲ್ಲಿ 6ರ ಮುಂದೆ 23 ಸೊನ್ನೆ ಹಾಕಿದಷ್ಟು ಅಣುಗಳು. ಈ ಸಂಖ್ಯೆಗೆ ಅವೊಗಾಡ್ರೊ ಅವರ ಹೆಸರಿಟ್ಟವರೂ ಪೆರಾಂ ಅವರೇ. ಐನ್‌ಸ್ಟೈನ್ 1905ರಲ್ಲಿ, ಅದೇ ಗುಂಡುಗಳು ನೀರಿನಲ್ಲಿ ನಡುಗುವುದೇಕೆ ಎಂದು ಹಾಕಿದ್ದ ಲೆಕ್ಕದಿಂದಲೂ ಹೆಚ್ಚುಕಡಿಮೆ ಅದೇ ಸಂಖ್ಯೆ ಬಂದಿತು. ಬೇರೆ ಬೇರೆ ದಾರಿ ಹಿಡಿದವರೆಲ್ಲ ಒಂದೇ ಮನೆಯ ಬಾಗಿಲಿಗೆ ಬಂದು ನಿಂತರು. ಓಸ್ಟ್‌ವಾಲ್ಡ್ ದೊಡ್ಡ ಮನುಷ್ಯ, ಸೋತೆ ಎಂದು ಒಪ್ಪಿಕೊಂಡರು. ಮಾಖ್ ಒಪ್ಪಲಿಲ್ಲ.

ಆ ಸಂಖ್ಯೆ ಎಷ್ಟು ದೊಡ್ಡದು? ಒಂದು ಹನಿ ನೀರನ್ನು ತೆಗೆದುಕೊಳ್ಳಿ. ಭೂಮಿಯ ಮೇಲಿನ ಎಂಟುನೂರು ಕೋಟಿ ಜನರೂ ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಅದರ ಅಣುಗಳನ್ನು ಎಣಿಸಲು ಕುಳಿತರೆ ಸುಮಾರು 6600 ವರ್ಷ ಬೇಕು.

ಇನ್ನು ಎಲೆಕ್ಟ್ರಾನಿನ ಕಥೆಯನ್ನು ಬೇಗ ಮುಗಿಸುತ್ತೇನೆ, ಅದು ನಿಮ್ಮ ಪಠ್ಯಪುಸ್ತಕದಲ್ಲಿ ಚೆನ್ನಾಗಿಯೇ ಇದೆ. 1897ರಲ್ಲಿ ಕೇಂಬ್ರಿಡ್ಜಿನ ಜೆ. ಜೆ. ಥಾಮ್ಸನ್, ಗಾಳಿ ಎಳೆದ ಗಾಜಿನ ಕೊಳವೆಯಲ್ಲಿ ಹರಿಯುವ ಕಿರಣಗಳು ಪರಮಾಣುವಿಗಿಂತ ಸಾವಿರಾರು ಪಾಲು ಹಗುರವಾದ ಕಣಗಳೆಂದು ತೋರಿಸಿದರು. ಒಡೆಯಲಾಗದ್ದು ಒಡೆಯಿತು. ಪುಸ್ತಕದಲ್ಲಿಲ್ಲದ ಒಂದು ಮಾತು: ಥಾಮ್ಸನ್ ಅವರ ಕೈ ಬಹಳ ಒರಟು, ಮುಟ್ಟಿದ ಉಪಕರಣ ಉಳಿಯುತ್ತಿರಲಿಲ್ಲ. ಆ ಕೊಳವೆಗಳನ್ನು ಊದಿ ಮಾಡಿಕೊಟ್ಟವರು ಎಬೆನೆಜರ್ ಎವರೆಟ್ ಎಂಬ ಸಹಾಯಕರು. ನಂತರ ಅಮೆರಿಕದ ಮಿಲಿಕನ್ ಎಣ್ಣೆಯ ಹನಿಗಳನ್ನು ವಿದ್ಯುತ್ತಿನ ಬಲದಿಂದ ಗಾಳಿಯಲ್ಲಿ ತೂಗುಹಾಕಿ ಪ್ರತಿ ಹನಿಯ ಮೇಲೆ ಎಷ್ಟು ವಿದ್ಯುದಾವೇಶವಿದೆ ಎಂದು ಅಳೆದರು. ಬಂದದ್ದೆಲ್ಲ ಒಂದೇ ಅಂಕಿಯ ಪಟ್ಟುಗಳು. ಅದೇ ಮಿರ್ಚಿ ಬಿಲ್ಲು! ವಿದ್ಯುತ್ತೂ ಬಿಡಿಯಾಗಿಯೇ ಮಾರುವ ಸರಕು. ಎಣ್ಣೆಯ ಪ್ರಯೋಗದಲ್ಲಿ ಜೊತೆಗೆ ದುಡಿದ ವಿದ್ಯಾರ್ಥಿ ಹಾರ್ವೆ ಫ್ಲೆಚರ್, ನೊಬೆಲ್ ಬಂದದ್ದು ಮಿಲಿಕನ್ ಒಬ್ಬರಿಗೇ.

ಈಗ ಮತ್ತೆ ಮ್ಯಾಂಚೆಸ್ಟರಿಗೆ. 1907ರಲ್ಲಿ ಅಲ್ಲಿಗೆ ಬಂದ ಅರ್ನೆಸ್ಟ್ ರುದರ್‌ಫೋರ್ಡ್ ನ್ಯೂಜಿಲೆಂಡಿನ ಹಳ್ಳಿಗಾಡಿನವರು, ದನಿ ದೊಡ್ಡದು, ತಾಳ್ಮೆ ಕಡಿಮೆ. ಅಷ್ಟು ಹೊತ್ತಿಗೆ ಬೆಕ್ವೆರೆಲ್, ಕ್ಯೂರಿ ದಂಪತಿಗಳಿಂದಾಗಿ ಯುರೇನಿಯಂ, ರೇಡಿಯಂಗಳಿಂದ ತಾನಾಗಿಯೇ ಕಿರಣಗಳು ಹೊರಡುತ್ತವೆ ಎಂದು ಗೊತ್ತಾಗಿತ್ತು. ಅದರಲ್ಲಿ ಆಲ್ಫಾ ಎಂಬ, ಧನ ವಿದ್ಯುತ್ತಿನ ಭಾರವಾದ ಕಣಗಳನ್ನು ರುದರ್‌ಫೋರ್ಡ್ ಗುಂಡಿನಂತೆ ಬಳಸಿದರು. ಗುರಿ, ಚಿನ್ನದ ರೇಕು. ಥಾಮ್ಸನ್ ಅವರ ಚಿತ್ರದ ಪ್ರಕಾರ ಪರಮಾಣು ಎಂದರೆ ಕೇಸರಿಬಾತು: ಧನ ವಿದ್ಯುತ್ತಿನ ಮೆತ್ತನೆಯ ಮುದ್ದೆ, ಅಲ್ಲಲ್ಲಿ ದ್ರಾಕ್ಷಿಯಂತೆ ಎಲೆಕ್ಟ್ರಾನುಗಳು. ಕೇಸರಿಬಾತಿಗೆ ಗುಂಡು ಹೊಡೆದರೆ ಅದು ಆಚೆ ಹೋಗಬೇಕು, ಅಷ್ಟೇ.

ಎಣಿಸುವ ಕೆಲಸ ಹೇಗಿತ್ತು ಗೊತ್ತೇ? ಕೋಣೆ ಪೂರ್ತಿ ಕತ್ತಲು. ಕಣ್ಣು ಕತ್ತಲಿಗೆ ಒಗ್ಗಲು ಸುಮ್ಮನೆ ಕುಳಿತು ಕಾಯಬೇಕು. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಸತುವಿನ ಸಲ್ಫೈಡ್ ಬಳಿದ ಪರದೆಯ ಮೇಲೆ ಒಂದೊಂದು ಆಲ್ಫಾ ಕಣ ಬಿದ್ದಾಗಲೂ ಮಿಂಚುಹುಳದ ಸಾವಿರದ ಒಂದು ಪಾಲಿನಷ್ಟು ಮಿಣುಕು. ಒಂದು, ಎರಡು, ಮೂರು ಎಂದು ಎಣಿಸಬೇಕು. ಸ್ವಲ್ಪ ಹೊತ್ತಿಗೇ ಕಣ್ಣು ಸೋಲುತ್ತದೆ, ಇನ್ನೊಬ್ಬರು ಕೂರಬೇಕು. ರುದರ್‌ಫೋರ್ಡ್ ಒಮ್ಮೆ ಕುಳಿತು, ಎರಡೇ ನಿಮಿಷಕ್ಕೆ ಬೈಯುತ್ತ ಎದ್ದು ಹೋದರೆಂದು ತಾವೇ ಗೆಳೆಯರಿಗೆ ಬರೆದಿದ್ದಾರೆ. ರಾತ್ರಿಯಿಡೀ ಎಣಿಸಬಲ್ಲ ಹಠಯೋಗಿ ಹಾನ್ಸ್ ಗೈಗರ್. ಅವರಿಗೆ ಜೊತೆ, ಇನ್ನೂ ಪದವಿ ಓದುತ್ತಿದ್ದ ಇಪ್ಪತ್ತರ ಹುಡುಗ ಅರ್ನೆಸ್ಟ್ ಮಾರ್ಸ್ಡನ್. 1909ರಲ್ಲಿ, 'ಕಣಗಳೇನಾದರೂ ಹಿಂದಕ್ಕೆ ಪುಟಿಯುತ್ತವೆಯೋ ನೋಡು' ಎಂದು ಈ ಹುಡುಗನಿಗೆ ಒಂದು ಕೆಲಸ ಹಚ್ಚಿದರು. ಪುಟಿಯುವುದಿಲ್ಲ ಎಂದು ಎಲ್ಲರಿಗೂ ಖಾತ್ರಿ. ಆದರೆ ಪುಟಿದವು; ಲೋಹದ ಹಾಳೆಯ ಮೇಲೆ ಬಿದ್ದ ಸುಮಾರು ಎಂಟು ಸಾವಿರಕ್ಕೆ ಒಂದು. ಟಿಶ್ಯೂ ಕಾಗದಕ್ಕೆ ಹೊಡೆದ ಹದಿನೈದು ಅಂಗುಲದ ಫಿರಂಗಿ ಗುಂಡು ತಿರುಗಿ ಬಂದು ನಮಗೇ ಬಡಿದಂತೆ ಎಂದು ರುದರ್‌ಫೋರ್ಡ್ ಮುಂದೆ ಹೇಳಿದರು. ಎಂಟು ಸಾವಿರಕ್ಕೆ ಒಂದು ತಾನೇ ಎಂದು ಆ ಹುಡುಗ ಎಣಿಕೆಯಲ್ಲಿ ಬಿಟ್ಟಿದ್ದರೆ?

ಎರಡು ವರ್ಷ ಯೋಚಿಸಿ ರುದರ್‌ಫೋರ್ಡ್ ಉತ್ತರ ಕಂಡುಕೊಂಡರು. ಪರಮಾಣುವಿನ ತೂಕವೆಲ್ಲ ನಡುವೆ ಒಂದು ಚುಕ್ಕೆಯಲ್ಲಿದೆ, ಉಳಿದದ್ದು ಬಯಲು. ಆ ಚುಕ್ಕೆಯೇ ನ್ಯೂಕ್ಲಿಯಸ್. ಚಿನ್ನದ ನ್ಯೂಕ್ಲಿಯಸ್ಸನ್ನು ಒಂದು ದೊಡ್ಡ ಕಡಲೆಕಾಳಿನಷ್ಟು ಮಾಡಿ ನಮ್ಮ ಹೈಸ್ಕೂಲ್ ಮೈದಾನದ ನಡುವೆ ಇಟ್ಟರೆ, ಪರಮಾಣುವಿನ ಅಂಚು ನೂರು ಮೀಟರ್ ಆಚೀಚೆ ಎಲ್ಲೋ ಇರುತ್ತದೆ. ನಡುವೆ ಏನೂ ಇಲ್ಲ, ಎಲೆಕ್ಟ್ರಾನುಗಳನ್ನು ಬಿಟ್ಟರೆ. ನೀವು ಕುಳಿತ ಕುರ್ಚಿಯೂ ಅಂಥದೇ ಬಯಲು; ಆದರೂ ಬೀಳದೆ ಕುಳಿತಿದ್ದೀರಿ.

ಇದನ್ನು ಅವರು ಮೊದಲು ಬಹಿರಂಗವಾಗಿ ಹೇಳಿದ್ದು 1911ರ ಮಾರ್ಚ್ 7ರಂದು, ಡಾಲ್ಟನ್ ಅವರ ಅದೇ ಊರಿನ ಸಂಘದಲ್ಲಿ. ಅಂದು ಸಭಿಕರ ನಡುವೆ ವಿದ್ಯಾರ್ಥಿಯಾಗಿ ಕುಳಿತಿದ್ದ ಜೇಮ್ಸ್ ಚಾಡ್ವಿಕ್ ವಯಸ್ಸಾದ ಮೇಲೆ ಒಂದು ಸ್ವಾರಸ್ಯ ನೆನೆಸಿಕೊಂಡಿದ್ದಾರೆ. ರುದರ್‌ಫೋರ್ಡ್ ಅವರಿಗಿಂತ ಮುಂಚೆ ಮಾತಾಡಿದವರು ಹಣ್ಣಿನ ವ್ಯಾಪಾರಿ. ಬಾಳೆಗೊನೆಗಳ ನಡುವೆ ಅಪರೂಪದ ಹಾವೊಂದು ಸಿಕ್ಕಿತೆಂದು ಅದನ್ನು ಸಭೆಗೇ ತಂದು ತೋರಿಸಿದರಂತೆ. ಹಾವಿನ ನಂತರ ನ್ಯೂಕ್ಲಿಯಸ್. ಈ ಸಂಗತಿ ತಿಳಿದ ದಿನದಿಂದ ನಾನು ಊರಿನ ಯಾವ ಸಣ್ಣ ಸಭೆಯನ್ನೂ ಹಗುರವಾಗಿ ಕಂಡಿಲ್ಲ.

ಗೈಗರ್ ಮತ್ತು ಮಾರ್ಸ್ಡನ್ ಮತ್ತೆ ಕತ್ತಲಿಗೆ ಹೋದರು. ರುದರ್‌ಫೋರ್ಡ್ ಅವರ ಸೂತ್ರ ಹೇಳಿದಂತೆಯೇ ಬೇರೆ ಬೇರೆ ಕೋನಗಳಲ್ಲಿ ಕಣಗಳು ಚದುರುತ್ತವೆಯೇ ಎಂದು 1913ರ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಮಿಣುಕುಗಳನ್ನು ಎಣಿಸಿ ತಾಳೆ ನೋಡಿದರು. ಆ ಎಣಿಕೆಯ ಬೇಸರವೇ ಗೈಗರ್ ಅವರಿಂದ ಮುಂದೆ ಕಣಗಳನ್ನು ತಾನೇ ಎಣಿಸುವ ಗೈಗರ್ ಕೌಂಟರ್ ಮಾಡಿಸಿತೋ ಏನೋ.

ತೊಡಕು ಉಳಿದೇ ಇತ್ತು. ಸುತ್ತುವ ಎಲೆಕ್ಟ್ರಾನು ಬೆಳಕು ಸೂಸಿ ಶಕ್ತಿ ಕಳೆದುಕೊಂಡು ಕ್ಷಣಾರ್ಧದಲ್ಲಿ ನ್ಯೂಕ್ಲಿಯಸ್ಸಿಗೆ ಬೀಳಬೇಕಲ್ಲ? ಇದಕ್ಕೆ ಕೀಲಿಕೈ ಇದ್ದದ್ದು ಒಬ್ಬ ಶಾಲಾ ಮೇಷ್ಟರ ಬಳಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಹೆಣ್ಣುಮಕ್ಕಳ ಶಾಲೆಯ ಗಣಿತದ ಮೇಷ್ಟರು ಬಾಮರ್. ಬಿಸಿ ಜಲಜನಕದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಕಾಮನಬಿಲ್ಲು ಬರುವುದಿಲ್ಲ, ನಾಲ್ಕೇ ಗೆರೆ ಕಾಣುತ್ತವೆ. ಅವುಗಳ ಅಲೆಯುದ್ದ ನ್ಯಾನೋಮೀಟರುಗಳಲ್ಲಿ 656, 486, 434, 410. ಈ ನಾಲ್ಕು ಅಂಕಿಗಳ ನಡುವೆ ಏನು ನಂಟು? ಮಕ್ಕಳೇ, ಬರೆದುಕೊಳ್ಳಿ. 364.6 ಎಂಬ ಸಂಖ್ಯೆಯನ್ನು 9/5, 16/12, 25/21, 36/32 ಇವುಗಳಿಂದ ಗುಣಿಸಿ. ಮೇಲೆ ಮೂರು, ನಾಲ್ಕು, ಐದು, ಆರರ ವರ್ಗ. ಕೆಳಗೆ ಅದರಲ್ಲಿ ನಾಲ್ಕು ಕಳೆದದ್ದು. 1885ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಅವರು ಇದನ್ನು ಪ್ರಕಟಿಸಿದರು. ಏಕೆ ಹೀಗೆ ಎಂದು ಅವರಿಗೂ ಗೊತ್ತಿರಲಿಲ್ಲ. 1912ರಲ್ಲಿ ಮ್ಯಾಂಚೆಸ್ಟರಿಗೆ ಬಂದು ಹೋಗಿದ್ದ ಡೆನ್ಮಾರ್ಕಿನ ನೀಲ್ಸ್ ಬೋರ್, ಮರುವರ್ಷ ಈ ಸೂತ್ರವನ್ನು ಕಂಡೊಡನೆ ಎಲ್ಲ ಹೊಳೆಯಿತು. ಎಲೆಕ್ಟ್ರಾನಿಗೆ ಜಾರುಬಂಡೆ ಇಲ್ಲ, ಮೆಟ್ಟಿಲುಗಳಿವೆ. ಮೂರನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಹಾರಿದರೆ ಕೆಂಪು ಗೆರೆ, ನಾಲ್ಕನೆಯದರಿಂದ ಹಾರಿದರೆ ಇನ್ನೊಂದು. ಬೋರ್ ಅವರ ಚಿತ್ರವನ್ನು ಹದಿನೈದು ವರ್ಷಗಳೊಳಗೆ ಷ್ರೋಡಿಂಗರ್, ಹೈಸನ್‌ಬರ್ಗ್ ಮೊದಲಾದವರು ಅಳಿಸಿ ಬರೆದರು. ನಾನು ಹಲಗೆಯ ಮೇಲೆ ಬರೆಯುತ್ತಿದ್ದದ್ದು ಅಳಿಸಿದ ಚಿತ್ರವನ್ನೇ. ಅದನ್ನು ಬಿಟ್ಟು ಪಿಯುಸಿ ಪಾಠ ಮಾಡುವುದು ಇನ್ನೂ ಯಾರಿಗೂ ಬಂದಿಲ್ಲ.

ಮ್ಯಾಂಚೆಸ್ಟರಿನ ಇನ್ನೊಬ್ಬರನ್ನು ಹೇಳದೆ ಮುಂದೆ ಹೋಗಲಾರೆ. ಹೆನ್ರಿ ಮೋಸ್ಲಿ. 1913ರಿಂದ 14ರವರೆಗೆ ಒಂದೊಂದೇ ಧಾತುವಿನಿಂದ ಹೊಮ್ಮುವ ಕ್ಷ-ಕಿರಣಗಳನ್ನು ಅಳೆದು, ನ್ಯೂಕ್ಲಿಯಸ್ಸಿನ ಆವೇಶ ಒಂದೊಂದಾಗಿ ಏರುತ್ತದೆ ಎಂದು ತೋರಿಸಿದರು. ಪರಮಾಣು ಸಂಖ್ಯೆ ಎಂಬುದಕ್ಕೆ ಅರ್ಥ ಬಂದದ್ದು ಆಗ. ಅಲ್ಲಿಯವರೆಗೆ ಧಾತುಗಳನ್ನು ತೂಕದ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಮೋಸ್ಲಿ ಅವಕ್ಕೆ ಹಾಜರಿ ಪುಸ್ತಕದಂತೆ ಕ್ರಮಸಂಖ್ಯೆ ಕೊಟ್ಟರು. 43, 61, 75 ಗೈರುಹಾಜರು ಎಂದೂ ಹೇಳಿದರು. ಮೂರೂ ನಂತರ ಸಿಕ್ಕವು. ಅವರು ಮಾತ್ರ ಇರಲಿಲ್ಲ. ಮೊದಲನೆಯ ಮಹಾಯುದ್ಧಕ್ಕೆ ಹೋಗಿ 1915ರ ಆಗಸ್ಟ್ 10ರಂದು ಟರ್ಕಿಯ ಗಲಿಪೊಲಿಯಲ್ಲಿ ಗುಂಡಿಗೆ ಬಲಿಯಾದರು. ಇಪ್ಪತ್ತೇಳು ವರ್ಷ.

ಹಾವಿನ ಸಭೆಯಲ್ಲಿದ್ದ ಚಾಡ್ವಿಕ್ ಅದೇ ಯುದ್ಧದಲ್ಲಿ ಜರ್ಮನಿಯಲ್ಲಿ ಸೆರೆಯಾಗಿದ್ದರು. ಆ ಕಾಲದ ಜರ್ಮನಿಯಲ್ಲಿ ವಿಕಿರಣ ಸೂಸುವ ಹಲ್ಲುಜ್ಜುವ ಪೇಸ್ಟು ಮಾರುತ್ತಿದ್ದರು, ಹಲ್ಲು ಹೊಳೆಯುತ್ತದೆಂದು! ಸೆರೆಯಲ್ಲಿ ಅದನ್ನೇ ತರಿಸಿಕೊಂಡು ಪ್ರಯೋಗ ಮಾಡಿದರು. 1932ರಲ್ಲಿ ನ್ಯೂಕ್ಲಿಯಸ್ಸಿನೊಳಗಿನ ಇನ್ನೊಂದು ಕಣವಾದ ನ್ಯೂಟ್ರಾನನ್ನು ಕಂಡುಹಿಡಿದವರು ಅವರೇ. ಅದಕ್ಕೆ ಆವೇಶವಿಲ್ಲ, ಆದ್ದರಿಂದ ಯಾವ ನ್ಯೂಕ್ಲಿಯಸ್ಸಿನ ಬಾಗಿಲೂ ಅದಕ್ಕೆ ಮುಚ್ಚಿಲ್ಲ. 1938ರ ಕೊನೆಗೆ ಬರ್ಲಿನ್ನಿನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನ್ ಹಾಯಿಸಿದಾಗ ಬೇರಿಯಂ ಸಿಕ್ಕಿತು. ನ್ಯೂಕ್ಲಿಯಸ್ಸು ಇಬ್ಭಾಗವಾಗಿದೆ ಎಂದು ಲೆಕ್ಕ ಹಾಕಿ ಹೇಳಿದವರು, ಹಿಟ್ಲರನ ದೇಶದಿಂದ ತಪ್ಪಿಸಿಕೊಂಡು ಸ್ವೀಡನ್ನಿನಲ್ಲಿದ್ದ ಲೀಸ ಮೈಟ್ನರ್ ಮತ್ತು ಅವರ ಅಕ್ಕನ ಮಗ ಫ್ರಿಷ್. ನೊಬೆಲ್ ಹಾನ್ ಒಬ್ಬರಿಗೆ ಬಂದಿತು. ಮುಂದಿನದು ನಿಮಗೆಲ್ಲ ಗೊತ್ತು. ತೂಕದ ಮಾತು ಆಡುತ್ತಿರುವುದರಿಂದ ಒಂದೇ ತೂಕ ಹೇಳುತ್ತೇನೆ: 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಶಕ್ತಿಯಾಗಿ ಮಾಯವಾದ ದ್ರವ್ಯ ಒಂದು ಗ್ರಾಮಿಗಿಂತ ಕಡಿಮೆ.

ಪಕ್ಕದ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನ ಬಗ್ಗೆ ಒಬ್ಬರು ಚೀಟಿ ಕಳುಹಿಸಿದ್ದಾರೆ, ಅಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಮಾಡುವುದೇನು ಎಂದು. ಒಳಗಿನ ಸಂಗತಿ ನನ್ನಂಥವರಿಗೆ ಹೇಳುವುದಿಲ್ಲ. ಯುರೇನಿಯಂ ಸಂವರ್ಧನೆ ಎಂದರೇನು ಎಂಬುದನ್ನು ಮಾತ್ರ ಹೇಳಬಲ್ಲೆ. ಗಣಿಯಿಂದ ಬಂದ ಯುರೇನಿಯಂನಲ್ಲಿ ಸಾವಿರಕ್ಕೆ ಏಳು ಪರಮಾಣುಗಳು ಮಾತ್ರ ಸುಲಭವಾಗಿ ಒಡೆಯುವ ಬಗೆಯವು. ಉಳಿದವುಗಳಿಗೂ ಇವಕ್ಕೂ ಮೂರೇ ನ್ಯೂಟ್ರಾನುಗಳ ತೂಕದ ವ್ಯತ್ಯಾಸ. ಅನಿಲ ಮಾಡಿ, ರಭಸವಾಗಿ ತಿರುಗಿಸಿ, ಮೊರದಲ್ಲಿ ಕೇರಿದಂತೆ ಹಗುರವಾದದ್ದನ್ನು ಬೇರ್ಪಡಿಸುತ್ತಾರೆ. ಪೆರಾಂ ಅಂಟಿನ ಗುಂಡುಗಳನ್ನು ತಿರುಗಿಸಿದ್ದು ನೆನಪಾಯಿತೇ? ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದವರ ಪ್ರಶ್ನೆ ಬೇರೆಯೇ ಇದೆ. ಅದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ.

ಕೊನೆಗೆ, ಜಗಳೂರಿನ ಆ ಹುಡುಗಿ ಕೇಳಿದ ಪ್ರಶ್ನೆ. ಯಾರಾದರೂ ನೋಡಿದ್ದಾರೆಯೇ? ನೋಡಿದ್ದಾರೆ. 1955ರ ಅಕ್ಟೋಬರ್ 11ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅರ್ವಿನ್ ಮುಲ್ಲರ್ ಮತ್ತು ಅವರ ಭಾರತೀಯ ವಿದ್ಯಾರ್ಥಿ ಕನ್ವರ್ ಬಹಾದುರ್, ಟಂಗ್‌ಸ್ಟನ್ ಸೂಜಿಯೊಂದರ ತುದಿಯನ್ನು ಪರದೆಯ ಮೇಲೆ ಲಕ್ಷಾಂತರ ಪಟ್ಟು ಹಿಗ್ಗಿಸಿ ನೋಡಿದಾಗ ಪರಮಾಣುಗಳು ಒಂದೊಂದೂ ಚುಕ್ಕೆಯಾಗಿ, ರಂಗೋಲಿಯ ಚುಕ್ಕೆಗಳಂತೆ ಸಾಲಾಗಿ ಕಂಡವು. ಪಾಠ ಹೇಳುತ್ತಿದ್ದಾಗ ಈ ಹೆಸರು ನನಗೆ ಗೊತ್ತಿದ್ದರೆ ಆ ಹುಡುಗಿಯ ಮುಂದೆ ತಲೆ ಎತ್ತಿ ಹೇಳುತ್ತಿದ್ದೆ. ಆದರೆ ಗಮನಿಸಿ, ಅಷ್ಟು ಹೊತ್ತಿಗೆ ನೋಡಿ ನಂಬಬೇಕಾದವರು ಯಾರೂ ಉಳಿದಿರಲಿಲ್ಲ. ಪೆರಾಂ ಎಣಿಸಿ ಮುಗಿಸಿ ಆಗಲೇ ನಲವತ್ತೇಳು ವರ್ಷವಾಗಿತ್ತು.

ನೀವೂ ಬರಿಗೈಯಲ್ಲಿ ಹೋಗಬೇಡಿ. ಬಾಗಿಲ ಬಳಿ ಮೇಜಿನ ಮೇಲೆ ಹಳೆಯ ಸಿ.ಡಿ.ಗಳನ್ನು ಇಟ್ಟಿದ್ದೇನೆ. ಈ ಸಭಾಂಗಣದಲ್ಲಿ ಹಿಂದಿನ ಗೋಡೆಯ ಎರಡು ದೀಪಗಳು ಹಳೆಯ ಟ್ಯೂಬ್‌ಲೈಟು, ಉಳಿದವೆಲ್ಲ ಎಲ್‌ಇಡಿ. ಸಿ.ಡಿ.ಯ ಹೊಳೆಯುವ ಮುಖವನ್ನು ಓರೆಯಾಗಿ ಹಿಡಿದು ಎರಡೂ ಬಗೆಯ ದೀಪಗಳ ಪ್ರತಿಬಿಂಬ ನೋಡಿ. ಎಲ್‌ಇಡಿಯದರಲ್ಲಿ ಬಣ್ಣಗಳು ಒಂದರೊಳಗೊಂದು ಕರಗಿರುತ್ತವೆ. ಟ್ಯೂಬ್‌ಲೈಟಿನದರಲ್ಲಿ ಹಸಿರೊಂದು, ನೇರಳೆ ಬೆರೆತ ನೀಲಿಯೊಂದು ಬೇರೆಯಾಗಿ ಎದ್ದು ನಿಲ್ಲುತ್ತವೆ. ಅವು ಕೊಳವೆಯೊಳಗಿನ ಪಾದರಸದ ಪರಮಾಣುಗಳಲ್ಲಿ ಎಲೆಕ್ಟ್ರಾನು ಮೆಟ್ಟಿಲಿಳಿದ ಗುರುತು. ಹೊರಗೆ ಮಂಡಕ್ಕಿ, ಮಿರ್ಚಿ, ಚಹಾ ಸಿದ್ಧವಾಗಿದೆಯಂತೆ. ಸಿ.ಡಿ. ಮುಟ್ಟಿದ ಮೇಲೆ ಮಿರ್ಚಿ ತಿನ್ನಿ, ಮಿರ್ಚಿ ತಿಂದ ಕೈಯಲ್ಲಿ ಸಿ.ಡಿ. ಮುಟ್ಟಬೇಡಿ. ಒಟ್ಟು ಹನ್ನೆರಡು ಇವೆ, ಹೋಗುವಾಗ ಎಣಿಸಿಕೊಳ್ಳುತ್ತೇನೆ.